ಜಲಪಾತ ಬರೆದರೆ ಸುಣ್ಣ ಬಳಿದ ಹಾಗೆ ಕಾಣುತ್ತೆ, ಯಾಕೆ?

ಪ್ರಶ್ನೆ: ಜೋಗದ ಫೋಟೊ ಮುಂದಿಟ್ಟುಕೊಂಡು ಆಯಿಲ್ ಪೇಂಟಿಂಗ್ ಮಾಡುತ್ತಿದ್ದೇನೆ. ಬಂಡೆ, ಮರ ಎಲ್ಲಾ ಇದ್ದ ಹಾಗೇ ಬಂದಿವೆ. ನೀರು ಮಾತ್ರ ಗೋಡೆಗೆ ಸುಣ್ಣ ಬಳಿದ ಹಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ನೀವು ಬಿಳಿ ಬಣ್ಣಕ್ಕೆ ತುಂಬಾ ಬೇಗ ಕೈ ಹಾಕಿದ್ದೀರಿ ಅನಿಸುತ್ತೆ. ನನ್ನ ಹತ್ತಿರ ಕಲಿಯಲು ಬರುವವರೂ ಮೊದಲು ಮಾಡುವುದು ಇದನ್ನೇ.

ನೀರಿಗೆ ಬಣ್ಣ ಇಲ್ಲ, ಅಲ್ವಾ? ಅದರೊಳಗೆ ಗಾಳಿ ಸೇರಿ ನೊರೆಯಾದಾಗ, ಹನಿಹನಿಯಾಗಿ ಒಡೆದಾಗ ಬೆಳಕು ಎಲ್ಲಾ ಕಡೆ ಚದುರುತ್ತದೆ. ಆಗಷ್ಟೇ ಬೆಳ್ಳಗೆ ಕಾಣೋದು. ಜೋರು ಮಳೆ ನಿಂತ ಮೇಲೆ ಒಮ್ಮೆ ಚಿತ್ರದುರ್ಗದ ಕೋಟೆಗೆ ಹೋಗಿ, ಬಂಡೆಗೆ ಹತ್ತಿರ ನಿಂತು ನೋಡಿ. ತೆಳ್ಳಗೆ ಇಳಿಯುವ ನೀರು ಬಿಳಿ ಇರುವುದಿಲ್ಲ. ಅದು ಹರಿದ ಕಡೆ ಕಲ್ಲು ಇನ್ನೂ ಕಪ್ಪಗಾಗಿರುತ್ತದೆ. ಎಲ್ಲೋ ಒಂದು ಕಲ್ಲಂಚಿಗೆ ಬಡಿದು ಚಿಮ್ಮಿದ ಜಾಗದಲ್ಲಿ ಬೆರಳಗಲ ಬಿಳುಪು, ಅಷ್ಟೇ.

ಹಾಗಾಗಿ ಮೊದಲು ನೀರನ್ನು ಮರೆತುಬಿಡಿ. ಅದರ ಹಿಂದಿನ ಬಂಡೆಯನ್ನು ಪೂರ್ತಿ ಬರೆಯಿರಿ. ಈ ಪದರದಲ್ಲಿ ಬಣ್ಣ ತೆಳು ಮಾಡಲು ಟರ್ಪೆಂಟೈನ್ ಸಾಕು. ಲಿನ್ಸೀಡ್ ಎಣ್ಣೆ ಮೇಲಿನ ಪದರಗಳಿಗೆ ಇರಲಿ. ಅಡಿಯಲ್ಲೇ ಎಣ್ಣೆ ಜಾಸ್ತಿಯಾದರೆ ಮುಂದೆ ಚಿತ್ರ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಬಿಳಿ ಕಲಸಿ ಬೂದು ಮಾಡಿಕೊಳ್ಳಿ. ನೆರಳಲ್ಲಿರುವ ನೀರೆಲ್ಲ ಈ ಬೂದಿನಲ್ಲೇ ಬರಬೇಕು. ಪ್ಯಾಲೆಟ್ ಮೇಲೆ ಕೊಳಕಾಗಿ ಕಾಣುತ್ತೆ, ಹೆದರಬೇಡಿ. ಕಪ್ಪು ಬಂಡೆಯ ಪಕ್ಕ ಹಚ್ಚಿದ ಕೂಡಲೇ ಅದೇ ಬೂದು ಹೊಳೆಯುತ್ತದೆ. ನನಗೆ ಇವತ್ತಿಗೂ ಇಡೀ ಕೆಲಸದಲ್ಲಿ ಖುಷಿ ಕೊಡುವ ಗಳಿಗೆ ಅದು.

ಜೋಗ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ರಾಜಾ 253 ಮೀಟರ್ ಎತ್ತರದಿಂದ ನೇರವಾಗಿ ಧುಮುಕುತ್ತದೆ. ರಾಣಿ ಹಾಗಲ್ಲ, ಬಂಡೆಯ ಮೈಮೇಲೆ ಜಾರಿಕೊಂಡು ಇಳಿಯುತ್ತದೆ. ಎರಡಕ್ಕೂ ಒಂದೇ ತರಹ ಕುಂಚ ಎಳೆದರೆ ಕೆಡುತ್ತದೆ. ರಾಜಾಗೆ ಮೇಲಿನಿಂದ ಉದ್ದಕ್ಕೆ ಎಳೆಯಿರಿ, ಕೆಳಗೆ ಬಂದಂತೆ ಕೈ ಹಗುರ ಮಾಡಿ, ಅಂಚು ಮಂಜಿನಲ್ಲಿ ಕರಗಲಿ. ರಾಣಿಗೆ ಒಣ ಕುಂಚ, ಅಂದರೆ ಬಣ್ಣ ತೀರಾ ಕಡಿಮೆ ಇರುವ ಕುಂಚ. ನೊರೆಯ ನಡುನಡುವೆ ಬಂಡೆ ಇಣುಕುತ್ತಿರಬೇಕು.

ಟೈಟೇನಿಯಂ ಬಿಳಿ ಕೊನೆಗೆ. ಅದಕ್ಕೆ ಚೂರೇ ಚೂರು ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸೇರಿಸಿ. ನೇರ ಬಿಸಿಲು ಬೀಳುವ ನಾಲ್ಕೈದು ಕಡೆ ದಪ್ಪಗೆ ಇಟ್ಟು ಕುಂಚ ಎತ್ತಿಬಿಡಿ. ಮತ್ತೆ ಮತ್ತೆ ತಿದ್ದಬೇಡಿ.

ಈಗ ಬರೆದಿರುವುದನ್ನು ಎಸೆಯಬೇಡಿ. ಚೆನ್ನಾಗಿ ಒಣಗಿದ ಮೇಲೆ ಅದರ ಮೇಲೇ ಬೂದನ್ನು ತೆಳ್ಳಗೆ ಎಳೆಯಿರಿ, ಬಿಸಿಲಿನ ಜಾಗ ಮಾತ್ರ ಹಾಗೇ ಬಿಡಿ.