ಒತ್ತಿದರೆ ಸಾಲದು, ಬಿಡಬೇಕು

ಹೋದ ಭಾನುವಾರ ಡೊಂಬಿವಿಲಿಯ ನಮ್ಮ ಸೊಸೈಟಿ ಆಫೀಸಿನಲ್ಲಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಓಡಿಸುವ ತರಬೇತಿ ಇತ್ತು. ಚಾಪೆಯ ಮೇಲೆ ಸೊಂಟದವರೆಗಿನ ಬೊಂಬೆ. ಸಾಕಷ್ಟು ಆಳಕ್ಕೆ ಒತ್ತಿದರೆ ಒಳಗಿಂದ ‘ಟಕ್’ ಅನ್ನುತ್ತದೆ. ಮಾಟುಂಗದಲ್ಲಿ ಹೋಟೆಲ್ ನಡೆಸಿದ್ದ ಶೆಟ್ರು ಹಿಟ್ಟು ನಾದುವ ಹಾಗೆ ಭಾರ ಹಾಕಿದರು, ಟಕ್ ಬಂತು. ಕಲಿಸಲು ಬಂದಿದ್ದ ನರ್ಸ್ ನಮ್ಮ ಕುಂದಾಪುರ ಕಡೆಯವರೇ. "ಶೆಟ್ರೆ, ಒತ್ತಿದ್ದು ಸರಿ, ಬಿಟ್ಟದ್ದು ಎಲ್ಲಿ?" ಅಂದರು.

ಎಂಥ ಒಳ್ಳೆ ಪ್ರಶ್ನೆ! ಒತ್ತಿದಾಗ ರಕ್ತ ಹೊರಗೆ ಹೋಗುತ್ತದೆ, ಸರಿ. ಆದರೆ ಹೃದಯ ಮತ್ತೆ ತುಂಬಿಕೊಳ್ಳುವುದು ಎದೆ ಪೂರ್ತಿ ಮೇಲೆದ್ದಾಗ. ಸೈಕಲ್ ಪಂಪಿನ ಹಿಡಿ ಎತ್ತದೆ ಬರೀ ಅದುಮಿದರೆ ಗಾಳಿ ಎಲ್ಲಿಂದ ಬರಬೇಕು? ಊರಿನ ಬೋರ್‌ವೆಲ್ ಕೈಪಂಪು ನೆನಪಿದೆಯಲ್ವಾ, ಮೊದಲು ಸುಮ್ನೆ ಗೊರಗೊರ ಅನ್ನುತ್ತದೆ, ಬಿಡದೆ ಹೊಡೆಯುತ್ತಿದ್ದರೆ ನೀರು ಮೇಲೇರುತ್ತದೆ, ನಡುವೆ ಮಾತಿಗೆ ನಿಂತರೆ ಸರ್ರನೆ ಇಳಿದುಬಿಡುತ್ತದೆ. ಇಲ್ಲೂ ಹಾಗೇ. ಹೃದಯದ ಸ್ನಾಯುವಿಗೂ ರಕ್ತ ಬೇಕು, ಅದು ಹೆಚ್ಚಾಗಿ ಸಿಗುವುದು ಎರಡು ಒತ್ತುಗಳ ನಡುವಿನ ಬಿಡುವಿನಲ್ಲಿ. ಅದಕ್ಕೆ ಬೇಕಾದ ಒತ್ತಡ ಏರಲು ಹಲವು ಒತ್ತು ಬೇಕು, ಬೀಳಲು ಕೆಲವೇ ಸೆಕೆಂಡು ಸಾಕು.

ಹೊರಗಿಂದ ಎದೆ ಒತ್ತಿದರೂ ರಕ್ತ ಓಡುತ್ತದೆ ಎಂದು ಗೊತ್ತಾದ ಬಗೆಯೂ ಚೆನ್ನ. 1950ರ ದಶಕದ ಕೊನೆಗೆ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ನಿಕರ್‌ಬಾಕರ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಹೃದಯದ ಬಡಿತ ಕೆಟ್ಟಿದ್ದ ನಾಯಿಯ ಎದೆಗೆ ವಿದ್ಯುತ್ ಶಾಕ್ ಕೊಡುವ ಭಾರದ ಹಿಡಿಗಳನ್ನು ಒತ್ತಿದ. ಶಾಕ್ ಕೊಡುವ ಮೊದಲೇ ರಕ್ತದೊತ್ತಡ ಏರಿತ್ತು! ಅಲ್ಲಿನ ಎಂಜಿನಿಯರ್ ಕೌವೆನ್‌ಹೋವೆನ್ ಮತ್ತು ಸರ್ಜನ್ ಜೂಡ್ ಜೊತೆ ಸೇರಿ ಇದನ್ನು 1960ರಲ್ಲಿ ಪ್ರಕಟಿಸಿದ. ಅದಕ್ಕೂ ಮುಂಚೆ ಡಾಕ್ಟರುಗಳು ಎದೆ ಕೊಯ್ದು ಹೃದಯವನ್ನೇ ಕೈಯಲ್ಲಿ ಹಿಸುಕುತ್ತಿದ್ದರು.

ನಾವು ಇನ್ನೂ ಬಿದ್ದವರ ಬಾಯಿಗೆ ನೀರು ಸುರಿಯುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ. ದಯವಿಟ್ಟು ಬೇಡ. ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದರೆ ಅದು ಉಸಿರಾಟ ಅಲ್ಲ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೋ 112ಕ್ಕೋ ಫೋನ್ ಮಾಡಿಸಿ, ಒತ್ತಲು ಶುರು ಮಾಡಿ. ದೊಡ್ಡವರಿಗಾದರೆ ಎದೆ ನಡುವೆ ಅಂಗೈ ಬುಡ ಊರಿ 5-6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100-120 ಸಲ.

ಎರಡು ನಿಮಿಷಕ್ಕೆ ಕೈ ಸೋಲುತ್ತದೆ. ಸೋತ ಕೈ ಎದೆ ಮೇಲೇ ಒರಗುತ್ತದೆ, ಎದೆ ಏಳುವುದೇ ಇಲ್ಲ. ಅದಕ್ಕೇ ಇನ್ನೊಬ್ಬರು ಪಕ್ಕದಲ್ಲೇ ಮಂಡಿಯೂರಿ ತಯಾರಿರಬೇಕು. ಶೆಟ್ರು ಬೆವರೊರೆಸುತ್ತ ಸರಿದರು, ಅವರ ಸೊಸೆ ಸೆರಗು ಸಿಕ್ಕಿಸಿ ಕೂತಳು. ಟಕ್. ಬಿಟ್ಟಳು. ಟಕ್.