ಸ್ಪೆಷಲ್ ಎಡಿಷನ್ ಅಂತಾರೆ, ಮಾಡಿದ್ದು ಯಾರು?

ಪ್ರಶ್ನೆ: ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿ ಬಂದಿದ್ದೇನೆ. 'ಇದು ಸ್ಪೆಷಲ್ ಎಡಿಷನ್ ಗಾಡಿ' ಅಂತ ಮಾಮೂಲಿ ರೇಟಿಗಿಂತ 60,000 ರೂಪಾಯಿ ಜಾಸ್ತಿ ಹೇಳುತ್ತಿದ್ದಾರೆ. ಅದು ಫ್ಯಾಕ್ಟರಿಯಿಂದಲೇ ಹಾಗೆ ಬಂದಿದ್ದೋ, ಶೋರೂಮಿನವರು ಮಾಡಿದ್ದೋ? ಕಂಡುಹಿಡಿಯುವುದು ಹೇಗೆ?

ಉತ್ತರ: ಸ್ಟಿಕ್ಕರ್ ನೋಡುವುದನ್ನು ಬಿಟ್ಟು ಮೊದಲು ಇನ್‌ವಾಯ್ಸ್ ಕೇಳಿ. ಕಾರು ಹೊಸದಾಗಿ ಮಾರಾಟವಾದಾಗಿನ ಬಿಲ್ಲು. ಫ್ಯಾಕ್ಟರಿ ಎಡಿಷನ್ ಆಗಿದ್ದರೆ ವೇರಿಯಂಟ್ ಹೆಸರಿನಲ್ಲೇ ಅದು ಇರುತ್ತದೆ. ಶೋರೂಮಿನಲ್ಲಿ ಮಾಡಿದ್ದಾದರೆ ಬಿಲ್ಲಿನಲ್ಲಿ ಮಾಮೂಲಿ ವೇರಿಯಂಟ್ ಹೆಸರು ಇರುತ್ತದೆ, ಆಕ್ಸೆಸರಿಗಳ ಲೆಕ್ಕ ಬೇರೆ.

ಎರಡು ಉದಾಹರಣೆ ಕೊಡುತ್ತೇನೆ. 2019ರಲ್ಲಿ ಟಾಟಾ ಹ್ಯಾರಿಯರ್ ಡಾರ್ಕ್ ಎಡಿಷನ್ ಬಂತು. ಕಪ್ಪು ಪೇಂಟ್, ಕಪ್ಪು ಅಲಾಯ್ ಚಕ್ರ, ಒಳಗಿನ ಕಪ್ಪು ಸೀಟು ಎಲ್ಲವೂ ಫ್ಯಾಕ್ಟರಿಯಲ್ಲೇ ಆದ ಕೆಲಸ. 2024ರ ಹಬ್ಬದ ಸೀಸನ್‌ನಲ್ಲಿ ಬಂದ ಮಾರುತಿ ಸ್ವಿಫ್ಟ್ ಬ್ಲಿಟ್ಜ್ ಎಡಿಷನ್ ಹಾಗಲ್ಲ. ಅದು ಮಾಮೂಲಿ ಸ್ವಿಫ್ಟ್ ಮೇಲೆ ಸ್ಪಾಯ್ಲರ್, ಸೀಟ್ ಕವರ್, ಮ್ಯಾಟ್ ಮುಂತಾದವುಗಳ ಕಿಟ್. ಹಾಕಿದ್ದು ಡೀಲರ್ ಬಳಿ. ಕಿಟ್ ಕಂಪನಿಯದ್ದೇ, ಹೆಸರಿಟ್ಟಿದ್ದೂ ಕಂಪನಿಯೇ, ಹಾಗಾಗಿ ಅದರಲ್ಲಿ ಮೋಸ ಏನೂ ಇಲ್ಲ. ಆದರೆ ಅದೇ ಸಾಮಾನುಗಳನ್ನು ಯಾವ ಸ್ವಿಫ್ಟ್‌ಗೆ ಬೇಕಾದರೂ ಹಾಕಬಹುದು, ಅಲ್ವಾ?

ಮೂರನೇ ಬಗೆಯೂ ಉಂಟು. ಕಂಪನಿಗೆ ಗೊತ್ತೇ ಇಲ್ಲದ, ಡೀಲರೋ ಹಿಂದಿನ ಮಾಲೀಕರೋ ಸೃಷ್ಟಿಸಿದ 'ಎಡಿಷನ್'. ಡಿಕ್ಕಿ ಮೇಲೊಂದು ಬ್ಯಾಡ್ಜ್ ಅಂಟಿಸಿದರೆ ಕೆಲಸ ಮುಗಿಯಿತು. ಬಿಳಿ ಕಾರನ್ನು ಕಪ್ಪು ಮಾಡಿ 'ಡಾರ್ಕ್' ಅಂದಿದ್ದಾರಾ ಅಂತ ಅನುಮಾನ ಬಂದರೆ ಆರ್‌ಸಿಯಲ್ಲಿ ಬಣ್ಣ ಏನಿದೆ ನೋಡಿ. ಆಮೇಲೆ ಚಾಸಿ ನಂಬರ್ ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ವೇರಿಯಂಟ್ ಕೇಳಿ. ಹಳೆಯ ಇನ್ಶೂರೆನ್ಸ್ ಪಾಲಿಸಿಯಲ್ಲೂ ಅದು ಸಿಗುತ್ತದೆ. ಬಾಯಿಮಾತು, ಆರ್‌ಸಿ, ಪಾಲಿಸಿ ಮೂರೂ ತಾಳೆಯಾಗಬೇಕು.

ಹಾಗಂತ ಡೀಲರ್ ಮಾಡಿದ ಗಾಡಿಗಳೆಲ್ಲ ಸುಮ್ನೆ ಅನ್ನುವಂತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್‌ನಲ್ಲಿ ಡಾನ್ ಯೆಂಕೊ ಅಂತ ಒಬ್ಬ ಷೆವರ್ಲೆ ಡೀಲರ್ ಇದ್ದ. ಆಗ ಷೆವರ್ಲೆಯ ಕಮಾರೊ ಕಾರಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಷೆವರ್ಲೆಯ ಮಾತೃ ಕಂಪನಿ ಜನರಲ್ ಮೋಟಾರ್ಸ್ ಒಳಗೇ ಒಂದು ಕಟ್ಟುಪಾಡಿತ್ತು. ಯೆಂಕೊ 1967ರಿಂದ ತನ್ನ ಗ್ಯಾರೇಜಿನಲ್ಲೇ ಕಮಾರೊ ಎಂಜಿನ್ ಇಳಿಸಿ 427 ಘನ ಇಂಚಿನದ್ದು, ಅಂದರೆ 7 ಲೀಟರಿನದ್ದು, ಕೂರಿಸತೊಡಗಿದ. 1969ಕ್ಕೆ ಕಂಪನಿಯೇ ದಾರಿ ಬಿಟ್ಟಿತು. ವಿಶೇಷ ಆರ್ಡರ್ ಮೇಲೆ ಫ್ಯಾಕ್ಟರಿಯೇ ಆ ಎಂಜಿನ್ ಹಾಕಿ ಕಳಿಸಿತು. ಪಟ್ಟೆ, ಬ್ಯಾಡ್ಜು ಮಾತ್ರ ಯೆಂಕೊ ಅಂಗಡಿಯದ್ದು. ಈಗ ಹೇಳಿ, ಅದು ಡೀಲರ್ ಕಾರೋ ಫ್ಯಾಕ್ಟರಿ ಕಾರೋ? ಸುಮಾರು 200 ಮಾತ್ರ ತಯಾರಾದವು. ಇವತ್ತು ಹರಾಜಿನಲ್ಲಿ ಮಾಮೂಲಿ ಕಮಾರೊ ಅದರ ಹತ್ತಿರಕ್ಕೂ ಬರುವುದಿಲ್ಲ.

ನಕಲಿಯೂ ಅಷ್ಟೇ ಜೋರು. 1969ರ ಕಮಾರೊ ಚಾಸಿ ನಂಬರಿನಲ್ಲಿ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಅಂತಷ್ಟೇ ತಿಳಿಯುತ್ತದೆ, ಯಾವ ವಿ8 ಅಂತ ತಿಳಿಯುವುದಿಲ್ಲ. ಆದ್ದರಿಂದ ಅಲ್ಲೂ ಕೊನೆಗೆ ಹಳೆಯ ಬಿಲ್ಲು, ಆರ್ಡರ್ ಕಾಗದ, ಎಂಜಿನ್ ಮೇಲೆ ಅಚ್ಚೊತ್ತಿದ ಗುರುತು, ಇವುಗಳನ್ನೇ ಹುಡುಕುತ್ತಾರೆ.

ನಮ್ಮಲ್ಲಿ ಯೆಂಕೊ ಥರ ಎಂಜಿನ್ ಬದಲಿಸಿ ಓಡಾಡುವುದು ಸುಲಭವಲ್ಲ. ತಯಾರಕರು ಕೊಟ್ಟ ಮೂಲ ಸ್ಪೆಸಿಫಿಕೇಷನ್ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನೀವು ನೋಡಿದ ಗಾಡಿಯ ಬಂಪರ್ ಮುಂದೆ ದಪ್ಪ ಬುಲ್ ಬಾರ್, ಅಂದರೆ ಲೋಹದ ಗಾರ್ಡ್, ಇದ್ದರೆ ಅದೂ ಇಂಥದ್ದೇ ಬದಲಾವಣೆ, ಅದನ್ನು ಬೆಲೆಗೆ ಸೇರಿಸಬೇಡಿ. ತೆಗೆಸುವ ಖರ್ಚು ನಿಮ್ಮದೇ ಆಗುತ್ತದೆ.

ಇನ್ನು ಆ 60,000. ಬಿಲ್ಲಿನಲ್ಲಿ ಎಡಿಷನ್ ಹೆಸರಿದ್ದರೆ ಮಾತಾಡಬಹುದು, ನಾನಾದರೆ ಆಗಲೂ ಪೂರ್ತಿ ಕೊಡುವುದಿಲ್ಲ. ಕಿಟ್ ಹಾಕಿದ್ದಷ್ಟೇ ಆದರೆ ಮಾಮೂಲಿ ವೇರಿಯಂಟ್ ರೇಟಿನಿಂದ ಚೌಕಾಸಿ ಶುರು ಮಾಡಿ. ನಾಲ್ಕು ವರ್ಷ ಕೂತು ಸವೆಸಿದ ಸೀಟ್ ಕವರಿಗೆ ಹೊಸದರ ಬೆಲೆ ಯಾರು ಕೊಡುತ್ತಾರೆ?