ಹತ್ತು ಅಡಿ ದೂರಕ್ಕೆ ಎಷ್ಟು ಇಂಚಿನ ಟಿವಿ?

ಪ್ರಶ್ನೆ: ನಮ್ಮ ಹಾಲ್‌ನಲ್ಲಿ ಸೋಫಾಕ್ಕೂ ಟಿವಿ ಇಡುವ ಗೋಡೆಗೂ ನಡುವೆ ಸುಮಾರು 10 ಅಡಿ ಅಂತರವಿದೆ. ಮುಖ್ಯವಾಗಿ ಸಿನಿಮಾ ನೋಡುವುದಕ್ಕೆಂದೇ ದೊಡ್ಡ ಟಿವಿ ಕೊಳ್ಳಬೇಕೆಂದಿದ್ದೇವೆ. 55 ಇಂಚು ಧಾರಾಳವಾಯಿತು ಎನ್ನುವುದು ಮನೆಯ ಹಿರಿಯರ ಮಾತು, 75 ಇಂಚಿಗಿಂತ ಕಡಿಮೆ ಬೇಡ ಎನ್ನುವುದು ಮಕ್ಕಳ ಹಟ. ಅಷ್ಟು ದೊಡ್ಡ ಪರದೆಯಿಂದ ಕಣ್ಣಿಗೆ ತೊಂದರೆಯಾಗುವುದಿಲ್ಲವೇ? ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಕಣ್ಣಿನ ಆತಂಕವನ್ನು ಮೊದಲು ಬಗೆಹರಿಸೋಣ, ಏಕೆಂದರೆ ಬೇಕಾದದ್ದಕ್ಕಿಂತ ಒಂದು ಅಳತೆ ಚಿಕ್ಕ ಟಿವಿ ಮನೆಗೆ ಬರುವುದು ಬಹುಮಟ್ಟಿಗೆ ಈ ಭಯದಿಂದಲೇ. ಟಿವಿಯಿಂದ ದೂರ ಕುಳಿತುಕೊಳ್ಳಬೇಕೆಂಬ ಎಚ್ಚರಿಕೆ ಪಿಕ್ಚರ್ ಟ್ಯೂಬಿನ ಕಾಲದ್ದು. ಆ ಟಿವಿಗಳಲ್ಲಿ ಚಿತ್ರ ಮಿಣುಕುತ್ತಿತ್ತು, ಹತ್ತಿರ ಹೋದರೆ ಗೆರೆಗಳು ಎದ್ದು ಕಾಣುತ್ತಿದ್ದವು. ಈಗಿನ ಚಪ್ಪಟೆ ಪರದೆಯಲ್ಲಿ ಆ ಬಗೆಯ ಮಿಣುಕೂ ಇಲ್ಲ, ಗೆರೆಗಳೂ ಇಲ್ಲ. ಕಣ್ಣು ದಣಿಯುವುದಕ್ಕೆ ಪರದೆಯ ಗಾತ್ರ ಕಾರಣವಲ್ಲ; ಕತ್ತಲು ಕೋಣೆಯಲ್ಲಿ ಪರದೆಯ ಬೆಳಕನ್ನು ಪೂರ್ತಿ ಏರಿಸಿಟ್ಟುಕೊಂಡು, ರೆಪ್ಪೆ ಮಿಟುಕಿಸುವುದನ್ನೂ ಮರೆತು ಗಂಟೆಗಟ್ಟಲೆ ನೋಡುವ ಅಭ್ಯಾಸ ಕಾರಣ. ಅದಕ್ಕೆ ಪರಿಹಾರ ಬೆಳಕನ್ನು ತಗ್ಗಿಸುವುದು ಮತ್ತು ಟಿವಿಯ ಹಿಂಬದಿಯ ಗೋಡೆಯ ಮೇಲೆ ಮಂದವಾದ ಬಿಳಿ ದೀಪವೊಂದನ್ನು ಉರಿಸುವುದೇ ಹೊರತು, ಚಿಕ್ಕ ಟಿವಿ ಕೊಳ್ಳುವುದಲ್ಲ.

ಇನ್ನು ಗಾತ್ರದ ಮಾತು. ಟಿವಿಯ ಇಂಚನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆಯುತ್ತಾರೆ. ಆದ್ದರಿಂದ 55ಕ್ಕೂ 75ಕ್ಕೂ ಇರುವ 20 ಇಂಚಿನ ವ್ಯತ್ಯಾಸ ಕೇಳುವುದಕ್ಕೆ ಸಣ್ಣದಾಗಿದ್ದರೂ ವಿಸ್ತೀರ್ಣದ ಲೆಕ್ಕದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಶೇ. 86ರಷ್ಟು ದೊಡ್ಡದು. ಮೂಗಿಗಿಂತ ಮೂಗುತಿ ಭಾರವಾದೀತೆಂದು ಹಿರಿಯರಿಗೆ ಅನ್ನಿಸುವುದು ಸಹಜವೇ. ಆದರೆ ಕುಳಿತಲ್ಲಿಂದ ಪರದೆ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದನ್ನು ತೀರ್ಮಾನಿಸುವುದು ಇಂಚಲ್ಲ, ಪರದೆಯ ಎಡ ಅಂಚಿನಿಂದ ಬಲ ಅಂಚಿನವರೆಗೆ ನೋಟ ಹರಡುವ ಕೋನ. ಮನೆಯಲ್ಲಿ ಸಿನಿಮಾ ನೋಡಲು ಈ ಕೋನ ಕನಿಷ್ಠ 30 ಡಿಗ್ರಿ ಇರಬೇಕೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಚಿತ್ರಮಂದಿರದಲ್ಲಿ ಒಳ್ಳೆಯ ಸಾಲಿನಲ್ಲಿ ಕುಳಿತ ಅನುಭವ ಬೇಕೆನ್ನುವವರು 40 ಡಿಗ್ರಿಯವರೆಗೂ ಹೋಗುತ್ತಾರೆ. ಲೆಕ್ಕ ಬಹಳ ಸುಲಭ. ನೋಡುವ ದೂರವನ್ನು ಇಂಚಿನಲ್ಲಿ ಬರೆದುಕೊಂಡು 1.6ರಿಂದ ಭಾಗಿಸಿದರೆ 30 ಡಿಗ್ರಿಗೆ ತಕ್ಕ ಟಿವಿಯ ಗಾತ್ರ ಸಿಗುತ್ತದೆ, 1.2ರಿಂದ ಭಾಗಿಸಿದರೆ 40 ಡಿಗ್ರಿಯದು. ನಿಮ್ಮ 10 ಅಡಿ ಎಂದರೆ 120 ಇಂಚು. ಮೊದಲ ಲೆಕ್ಕಕ್ಕೆ 75 ಇಂಚು, ಎರಡನೆಯದಕ್ಕೆ 100 ಇಂಚು ಬರುತ್ತದೆ. ಅದೇ ದೂರದಿಂದ 55 ಇಂಚಿನ ಟಿವಿ ತುಂಬುವುದು 23 ಡಿಗ್ರಿಗಿಂತ ತುಸು ಕಡಿಮೆ. ಸುದ್ದಿ, ಧಾರಾವಾಹಿಗಳಿಗೆ ಅದು ಸಾಕು, ಸಿನಿಮಾಕ್ಕೆ ಸಾಲದು.

ಈ ದೂರವನ್ನು ಸೋಫಾದ ಮುಂಚಾಚಿನಿಂದ ಗೋಡೆಗೆ ಅಳೆಯಬಾರದು. ಒರಗಿ ಕುಳಿತಾಗ ತಲೆ ಎಲ್ಲಿರುತ್ತದೋ ಅಲ್ಲಿಂದ, ಸ್ಟ್ಯಾಂಡಿನ ಮೇಲೆ ಅಥವಾ ಗೋಡೆಯ ಬ್ರ್ಯಾಕೆಟ್ಟಿನಲ್ಲಿ ಪರದೆ ಎಷ್ಟು ಮುಂದೆ ಬರುತ್ತದೋ ಅಲ್ಲಿಯವರೆಗೆ ಅಳೆಯಬೇಕು. ಎರಡೂ ಕಡೆಯ ಈ ಏರುಪೇರಿನಿಂದ ಒಂದು ಅಡಿಯಷ್ಟು ವ್ಯತ್ಯಾಸ ಬರುವುದು ಅಪರೂಪವಲ್ಲ.

ಸಿನಿಮಾವೇ ಮುಖ್ಯ ಎಂದಿದ್ದೀರಿ. ಹಾಗಿದ್ದರೆ ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಟಿವಿ ಪರದೆಯ ಅಗಲ ಮತ್ತು ಎತ್ತರದ ಪ್ರಮಾಣ 16:9. ಅಗಲ ಪರದೆಗೆಂದು ತೆಗೆದ ಚಿತ್ರಗಳ ಪ್ರಮಾಣ ಸಾಮಾನ್ಯವಾಗಿ 2.39:1. ಅಂಥ ಚಿತ್ರವನ್ನು ಕತ್ತರಿಸದೆ ತೋರಿಸಬೇಕೆಂದರೆ ಮೇಲೆ ಮತ್ತು ಕೆಳಗೆ ಕಪ್ಪು ಪಟ್ಟಿಗಳು ಬರುತ್ತವೆ, ಪರದೆಯ ಕಾಲುಭಾಗ ಖಾಲಿ ಉಳಿಯುತ್ತದೆ. 75 ಇಂಚಿನ ಟಿವಿಯ ಎತ್ತರ ಸುಮಾರು 37 ಇಂಚು. ಅದರಲ್ಲಿ ಅಗಲ ಪರದೆಯ ಚಿತ್ರಕ್ಕೆ ಸಿಗುವ ಎತ್ತರ 27 ಇಂಚು ಚಿಲ್ಲರೆ. 55 ಇಂಚಿನ ಟಿವಿಯ ಒಟ್ಟು ಎತ್ತರವೂ 27 ಇಂಚೇ. ಎಂದರೆ, ದೊಡ್ಡ ಟಿವಿಯಲ್ಲಿ ಸಿನಿಮಾ ನೋಡುವಾಗ ಚಿತ್ರ ಚಿಕ್ಕ ಟಿವಿಯಷ್ಟೇ ಎತ್ತರವಾಗಿದ್ದು, ಅಕ್ಕಪಕ್ಕಕ್ಕೆ ಮಾತ್ರ ಹಿಗ್ಗಿರುತ್ತದೆ. ಹಿರಿಯರಿಗೆ 55 ಇಂಚೇ ಧಾರಾಳವೆಂದು ತೋರುತ್ತಿರುವುದು ಖಾಲಿ ಗೋಡೆಯ ಮುಂದೆ ನಿಂತು ಊಹಿಸಿಕೊಳ್ಳುವಾಗ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 5 ಅಡಿ 5 ಇಂಚು ಅಗಲ, 3 ಅಡಿ 1 ಇಂಚು ಎತ್ತರದ ಹಾಳೆಯೊಂದನ್ನು ಮಾಡಿ ಗೋಡೆಗೆ ಹಚ್ಚಿ. ಅದರ ಮೇಲೆ 4 ಅಡಿ ಅಗಲ, 2 ಅಡಿ 3 ಇಂಚು ಎತ್ತರದ ಚೌಕಟ್ಟನ್ನು ದಪ್ಪ ಪೆನ್ನಿನಿಂದ ಗುರುತಿಸಿ ಕೆಲವು ದಿನ ಹಾಗೆಯೇ ಬಿಡಿ. ಮನೆಯವರ ಚರ್ಚೆ ಅಷ್ಟರಲ್ಲಿ ತಾನಾಗಿಯೇ ತಣ್ಣಗಾಗುತ್ತದೆ.

ಪರದೆ ದೊಡ್ಡದಾದರೆ ಚಿತ್ರ ಒಡೆದು ಕಾಣುವುದಿಲ್ಲವೇ ಎಂಬ ಅನುಮಾನ ಬರಬಹುದು. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ ಎಂದಿಟ್ಟುಕೊಂಡರೆ, 75 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಯ ಪಿಕ್ಸೆಲ್‌ಗಳು (ಚಿತ್ರವನ್ನು ಮೂಡಿಸುವ ಚುಕ್ಕೆಗಳು) ಬೇರೆಬೇರೆಯಾಗಿ ಕಾಣತೊಡಗುವುದು ಸುಮಾರು ಹತ್ತು ಅಡಿಯಿಂದ ಒಳಕ್ಕೆ, ಅದರ ನಾಲ್ಕು ಪಟ್ಟು ಚುಕ್ಕೆಗಳಿರುವ 4ಕೆಯ ಪಿಕ್ಸೆಲ್‌ಗಳು ಕಾಣುವುದು ಐದು ಅಡಿಗಿಂತ ಹತ್ತಿರ ಹೋದಾಗ. 55 ಇಂಚಿನಲ್ಲಾದರೆ ಹತ್ತು ಅಡಿ ದೂರದಿಂದ 4ಕೆ ಚಿತ್ರದ ಹೆಚ್ಚಿನ ವಿವರ ಕಣ್ಣಿಗೆ ದಕ್ಕುವುದೇ ಇಲ್ಲ. 8ಕೆ ಟಿವಿಗಳ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದಕ್ಕೂ ಇದೇ ಲೆಕ್ಕ ಸಾಕು. ಆದರೆ ಒಂದು ಮಾತು ನಿಜ: ದುರ್ಬಲ ಸಂಪರ್ಕದಲ್ಲಿ ಬರುವ ಸ್ಟ್ರೀಮಿಂಗ್ ಆಗಲಿ, ಹಳೆಯ ಎಸ್‌ಡಿ ಚಾನೆಲ್ ಆಗಲಿ ದೊಡ್ಡ ಪರದೆಯಲ್ಲಿ ತನ್ನ ದೋಷಗಳನ್ನೆಲ್ಲ ಬಿಚ್ಚಿಡುತ್ತದೆ. ದಿನದ ಬಹುಪಾಲು ಅಂಥದ್ದನ್ನೇ ನೋಡುವ ಮನೆಯಾದರೆ 65 ಇಂಚಿಗೆ ನಿಲ್ಲುವುದು ವಿವೇಕ.

ಗಾತ್ರವನ್ನು ದೂರ ತೀರ್ಮಾನಿಸಿದರೆ, ಪರದೆಯ ಬಗೆಯನ್ನು ತೀರ್ಮಾನಿಸುವುದು ಕೋಣೆಯ ಬೆಳಕು. ಇಂದು ಮಾರುಕಟ್ಟೆಯಲ್ಲಿರುವ ಟಿವಿಗಳು ಮುಖ್ಯವಾಗಿ ಎರಡು ಕುಲದವು. ಎಲ್‌ಸಿಡಿ ಕುಲದಲ್ಲಿ ಪರದೆಯ ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತಿರುತ್ತವೆ, ಮುಂದಿನ ಪದರ ಆ ಬೆಳಕನ್ನು ತಡೆಹಿಡಿಯುತ್ತದೆ ಇಲ್ಲವೇ ಬಿಡುತ್ತದೆ. ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂಬ ಹೆಸರಿನವೆಲ್ಲ ಇದೇ ಕುಲದ ಸುಧಾರಿತ ಟಿವಿಗಳು. ಓಎಲ್‌ಇಡಿ ಕುಲದಲ್ಲಿ ಹಿಂದೆ ದೀಪವೇ ಇಲ್ಲ, ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಆದ್ದರಿಂದ ಕಪ್ಪು ಎಂದರೆ ಅಲ್ಲಿ ನಿಜವಾಗಿಯೂ ಕಪ್ಪು. ಎಲ್‌ಸಿಡಿಯಲ್ಲಿ ಎಷ್ಟು ತಡೆದರೂ ಸ್ವಲ್ಪ ಬೆಳಕು ಸೋರುತ್ತದೆ. ಹಗಲಿನಲ್ಲಿ ಇದು ಯಾರ ಗಮನಕ್ಕೂ ಬಾರದು. ರಾತ್ರಿ ದೀಪ ಆರಿಸಿ ಕುಳಿತಾಗ, ಆಗಲೇ ಹೇಳಿದ ಕಪ್ಪು ಪಟ್ಟಿಗಳು ಕಪ್ಪಾಗಿರದೆ ಬೂದುಬಣ್ಣಕ್ಕೆ ಮಿನುಗುತ್ತವೆ, ಕತ್ತಲ ದೃಶ್ಯದಲ್ಲಿ ಬಿಳಿ ಅಕ್ಷರಗಳ ಸುತ್ತ ಮಂಜಿನಂಥ ಪ್ರಭೆ ಕಾಣುತ್ತದೆ. ಹಿಂದಿನ ದೀಪಗಳನ್ನು ನೂರಾರು ಪುಟ್ಟ ವಲಯಗಳಾಗಿ ವಿಂಗಡಿಸಿ ಬೇಕಾದಲ್ಲಿ ಮಾತ್ರ ಆರಿಸುವ ಲೋಕಲ್ ಡಿಮ್ಮಿಂಗ್ ವ್ಯವಸ್ಥೆ ಇದನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಹಾಗಾದರೆ ಓಎಲ್‌ಇಡಿಯೇ ಲೇಸಲ್ಲವೇ? ಕತ್ತಲು ಮಾಡಿಕೊಂಡು ಸಿನಿಮಾ ನೋಡುವವರಿಗೆ ಹೌದು. ದೊಡ್ಡ ಕಿಟಕಿಗಳಿರುವ, ಹಗಲೆಲ್ಲ ಟಿವಿ ಓಡುವ ಹಾಲ್‌ಗೆ ಅಲ್ಲ. ಅಲ್ಲಿ ಪರದೆಯ ಬೆಳಕು ಕಿಟಕಿಯ ಬೆಳಕನ್ನು ಮೀರಬೇಕು, ಮಿನಿ ಎಲ್‌ಇಡಿಗೆ ಆ ಕಸುವು ಹೆಚ್ಚು. ಜೊತೆಗೆ, ಒಂದೇ ಸುದ್ದಿ ವಾಹಿನಿಯನ್ನು ದಿನಕ್ಕೆ ಏಳೆಂಟು ಗಂಟೆ ಹಾಕಿಡುವ ಮನೆಯಲ್ಲಿ ಓಎಲ್‌ಇಡಿ ಪರದೆಯ ಮೇಲೆ ವಾಹಿನಿಯ ಲಾಂಛನವೋ ಕೆಳಗಿನ ಸುದ್ದಿಪಟ್ಟಿಯೋ ವರ್ಷಗಳ ಮೇಲೆ ಅಳಿಯದ ಅಚ್ಚಾಗಿ ಉಳಿಯುವ ಅಪಾಯವೂ ಇದೆ. ಎಲ್‌ಸಿಡಿಯಲ್ಲೂ ಒಂದು ಒಳಭೇದವಿದೆ: ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಪೇಲವ, ಐಪಿಎಸ್‌ನಲ್ಲಿ ಇದು ಹೆಚ್ಚುಕಡಿಮೆ ತಿರುಗಾಮುರುಗಾ. ಗೋಡೆಯ ಪಕ್ಕದ ಕುರ್ಚಿಯಲ್ಲಿ ನಿತ್ಯ ಯಾರಾದರೂ ಕುಳಿತು ನೋಡುವುದಿದ್ದರೆ ಇದನ್ನು ಮರೆಯಬಾರದು.

ಇರುವ ಹಣದಲ್ಲಿ ಸಾಧಾರಣ 75 ಇಂಚು ಅಥವಾ ಉತ್ತಮ 65 ಇಂಚು, ಎರಡರಲ್ಲಿ ಒಂದು ಮಾತ್ರ ಸಾಧ್ಯವೆಂದಾದರೆ? ಗಾತ್ರದ ಪರವಾಗಿ ಇಷ್ಟೆಲ್ಲ ಹೇಳಿದ ಮೇಲೂ, ರಾತ್ರಿ ಸಿನಿಮಾ ನೋಡುವವರಿಗೆ ನಾನು 65 ಇಂಚನ್ನೇ ಸೂಚಿಸುತ್ತೇನೆ, ಸೋಫಾವನ್ನು ಒಂದೂವರೆ ಅಡಿ ಮುಂದಕ್ಕೆ ಎಳೆದರೆ ಕೋನದ ಕೊರತೆ ತುಂಬಿಕೊಳ್ಳುತ್ತದೆ. ಕಳಪೆ ಕಪ್ಪಿಗೆ ಅಂಥ ಉಪಾಯವಿಲ್ಲ. ಅಗ್ಗದ ಟಿವಿಯ ಪೆಟ್ಟಿಗೆಯ ಮೇಲಿನ ಎಚ್‌ಡಿಆರ್ (ಬೆಳಕು-ಕತ್ತಲುಗಳ ಅಂತರವನ್ನು ಹಿಗ್ಗಿಸಿ ತೋರಿಸುವ ವಿಧಾನ) ಎಂಬ ಅಕ್ಷರಗಳನ್ನು ಅಷ್ಟಾಗಿ ನಂಬಬೇಡಿ. ಸಾಮಾನ್ಯ ಚಿತ್ರವನ್ನು 100 ನಿಟ್ ಬೆಳಕಿನ ಮಟ್ಟಕ್ಕೆ ಸಿದ್ಧಪಡಿಸಿದರೆ ಎಚ್‌ಡಿಆರ್ ಚಿತ್ರವನ್ನು 1000 ನಿಟ್ ಅಥವಾ ಅದಕ್ಕೂ ಮೇಲಿನ ಮಟ್ಟಕ್ಕೆ ಸಿದ್ಧಪಡಿಸುತ್ತಾರೆ. ಅದನ್ನು ಸ್ವೀಕರಿಸಿಯೂ 300 ನಿಟ್‌ಗಿಂತ ಮೇಲೇರಲಾರದ ಟಿವಿ ಎಚ್‌ಡಿಆರ್ ಅನ್ನು ಓದುತ್ತದೆ, ತೋರಿಸುವುದಿಲ್ಲ.

ಕೊಳ್ಳುವ ಮುನ್ನ ಇನ್ನೆರಡು ಅಳತೆಗಳು ಬೇಕು. ಹಲವು 75 ಇಂಚಿನ ಟಿವಿಗಳ ಕಾಲುಗಳು ಎರಡು ತುದಿಗಳಲ್ಲಿರುತ್ತವೆ, ನಿಮ್ಮ ಸ್ಟ್ಯಾಂಡ್ ಅಷ್ಟು ಅಗಲವಿಲ್ಲದಿದ್ದರೆ ಟಿವಿ ಕೂರುವುದೇ ಇಲ್ಲ. ಪೆಟ್ಟಿಗೆ ಲಿಫ್ಟಿನಲ್ಲಿ, ಮೆಟ್ಟಿಲ ತಿರುವಿನಲ್ಲಿ ಹಿಡಿಸುತ್ತದೆಯೇ ಎಂದೂ ನೋಡಿಕೊಳ್ಳಬೇಕು. ದೊಡ್ಡ ಪ್ಯಾನೆಲ್ಲನ್ನು ಮಲಗಿಸಿ ಸಾಗಿಸಿದರೆ ಬಿರುಕು ಬಿಡುವ ಭಯವಿರುವುದರಿಂದ ಅದು ನಿಂತ ಭಂಗಿಯಲ್ಲೇ ಮನೆ ಸೇರಬೇಕು. ಗೋಡೆಗೆ ಹಾಕುವುದಾದರೆ ಫೋಟೊ ತೂಗುಹಾಕುವ ಎತ್ತರದಲ್ಲಿ ಹಾಕಬೇಡಿ, ಎರಡು ಗಂಟೆಯ ಸಿನಿಮಾ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಅಲ್ಲಿಗೇ ಬರಬೇಕೆಂದರೆ 75 ಇಂಚಿನ ಟಿವಿಯ ಕೆಳ ಅಂಚು ನೆಲದಿಂದ ಎರಡು ಅಡಿಯಷ್ಟೇ ಮೇಲಿರಬೇಕು. ನಿಂತು ನೋಡಿದಾಗ ತೀರಾ ತಗ್ಗಾಯಿತೆನ್ನಿಸುತ್ತದೆ, ಕುಳಿತಾಗ ಸರಿಯಿರುತ್ತದೆ.

ಧ್ವನಿಯ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, ತೆಳುವಾದ ಟಿವಿಯ ಸ್ಪೀಕರ್‌ಗಳು ಬಹುತೇಕ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ, ಸಂಭಾಷಣೆ ಅಸ್ಪಷ್ಟವಾಗುವುದು ಅದರಿಂದ. ಮಾತಿಗೆಂದೇ ನಡುವಿನ ಸ್ಪೀಕರ್ ಇರುವ ಸೌಂಡ್‌ಬಾರ್ ತಂದು, ಟಿವಿಯ ಹಿಂದೆ ಇಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟಿಗೇ ಜೋಡಿಸಿ. ಬೇರೆ ಪೋರ್ಟಿಗೆ ಹಾಕಿದರೆ ಟಿವಿಯ ಧ್ವನಿ ಸೌಂಡ್‌ಬಾರಿಗೆ ಹೋಗುವುದಿಲ್ಲ.

ಟಿವಿ ಬಂದ ಮೊದಲ ಸಂಜೆಯೇ ಮಾಡಬೇಕಾದ ಕೆಲಸ ಪಿಕ್ಚರ್ ಮೋಡ್ ಬದಲಿಸುವುದು. ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ಇರುವ ವಿವಿಡ್ ಮೋಡ್‌ನಲ್ಲಿ ಬಿಳಿ ನೀಲಿಯತ್ತ ವಾಲಿರುತ್ತದೆ, ಮುಖಗಳು ಬಣ್ಣ ಬಳಿದಂತಿರುತ್ತವೆ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಆರಿಸಿ. ಮೊದಲ ಎರಡು ದಿನ ಚಿತ್ರ ಹಳದಿಗಟ್ಟಿದಂತೆ ತೋರುತ್ತದೆ, ಆದರೆ ಚಿತ್ರ ಸಿದ್ಧಪಡಿಸಿದವರು ನೋಡಿದ ಬಿಳಿಗೆ ಹತ್ತಿರವಾದದ್ದು ಅದೇ. ಹಾಗೆಯೇ ಮೋಷನ್ ಎಂಬ ಹೆಸರಿನ ಸೆಟ್ಟಿಂಗ್ ಹುಡುಕಿ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಟಿವಿ ನಡುನಡುವೆ ತನ್ನದೇ ಚಿತ್ರಗಳನ್ನು ಕಲ್ಪಿಸಿ ಸೇರಿಸಿದಾಗ ಚಲನೆ ಅತಿಯಾಗಿ ನುಣುಪಾಗಿ, ದೊಡ್ಡ ಬಜೆಟ್ಟಿನ ಚಿತ್ರವೂ ಸ್ಟುಡಿಯೊ ಧಾರಾವಾಹಿಯ ಹಾಗೆ ಕಾಣುತ್ತದೆ. ಅದನ್ನು ಆಫ್ ಮಾಡಿ. ಪರದೆ 120 ಹರ್ಟ್ಸ್‌ನದಾಗಿದ್ದರೆ, ಎಂದರೆ ಸೆಕೆಂಡಿಗೆ 120 ಸಲ ಚಿತ್ರ ಮೂಡಿಸುವಂಥದ್ದಾಗಿದ್ದರೆ, ಪ್ರತಿ ಚಿತ್ರವನ್ನೂ ಸಮನಾಗಿ ಐದು ಸಲ ತೋರಿಸಬಲ್ಲದು. 60 ಹರ್ಟ್ಸ್‌ನಲ್ಲಿ ಒಂದನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಬೇಕಾಗುವುದರಿಂದ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯಗಳು ತುಸು ತಡವರಿಸುತ್ತವೆ.

ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಪೂರ್ತಿ ಬೂದು ಬಣ್ಣದ ಚಿತ್ರವೊಂದನ್ನು ಪರದೆಯ ತುಂಬ ಹಾಕಿ ನೋಡಿ. ಕಲೆಗಳೋ ಅಡ್ಡಪಟ್ಟಿಗಳೋ ಇದ್ದರೆ ಕ್ರೀಡೆ ನೋಡುವಾಗ ಮೈದಾನದ ಹಸಿರಿನ ಮೇಲೆ ಅವು ಪದೇ ಪದೇ ಕಾಣಿಸಿಕೊಳ್ಳುತ್ತವೆ. ಒರೆಸಲು ಒಣ ಮೈಕ್ರೊಫೈಬರ್ ಬಟ್ಟೆ ಸಾಕು. ಕಿಟಕಿ ಗಾಜಿನ ದ್ರಾವಣವನ್ನು ಸಿಂಪಡಿಸಿದರೆ ಪ್ರತಿಫಲನ ತಡೆಯುವ ಲೇಪನ ಹಾಳಾಗುತ್ತದೆ. ಓಎಲ್‌ಇಡಿ ಕೊಂಡಿದ್ದರೆ ರಾತ್ರಿ ಗೋಡೆಯ ಸ್ವಿಚ್ಚನ್ನು ಆರಿಸದೆ ರಿಮೋಟಿನಿಂದಷ್ಟೇ ಆಫ್ ಮಾಡಿ, ಏಕೆಂದರೆ ಪಿಕ್ಸೆಲ್‌ಗಳ ಸವಕಳಿಯನ್ನು ಸರಿದೂಗಿಸುವ ಪ್ರಕ್ರಿಯೆಯನ್ನು ಟಿವಿ ನಡೆಸುವುದು ಸ್ಟ್ಯಾಂಡ್‌ಬೈನಲ್ಲಿದ್ದಾಗ ಮಾತ್ರ.